ಕೆತ್ತೆ ತರುವ ಹಿಂದಿನ ದಿನ ಮರ ನೋಡಿ ಬನ್ನಿ

ಮಾನ್ಯ ಸಂಪಾದಕರೇ,

ಇನ್ನು ಹತ್ತು ದಿನಕ್ಕೆ ಆಟಿ ಅಮಾವಾಸ್ಯೆ, ನಮ್ಮ ತುಳುವರ ಆಟಿ ತಿಂಗಳ ಅಮಾವಾಸ್ಯೆ. ಆ ದಿನದ ಪತ್ರಿಕೆಯಲ್ಲಿ ಹಾಲೆ ಮರದ ಕೆತ್ತೆಯಿಂದ, ಅಂದರೆ ತೊಗಟೆಯಿಂದ, ಮಾಡುವ ಕಷಾಯದ ಬಗ್ಗೆ ಬರಹ ಬಂದೇ ಬರುತ್ತದೆ. ನಾನು ಪ್ರತಿ ವರ್ಷ ಓದುತ್ತೇನೆ. ಸಾವಿರದೊಂದು ಮದ್ದಿನ ಶಕ್ತಿ ಅಂದು ಮರಕ್ಕೆ ಇಳಿಯುತ್ತದೆ ಎಂಬ ನಂಬಿಕೆ, ಕಷಾಯ ಮಾಡುವ ಕ್ರಮ, ಆಮೇಲೆ ಉಣ್ಣುವ ಮೆಂತೆ ಗಂಜಿ, ಎಲ್ಲವೂ ಚೆನ್ನಾಗಿ ಬರೆದಿರುತ್ತಾರೆ. ಆದರೆ ಮರ ಗುರುತಿಸುವುದು ಹೇಗೆ ಅನ್ನೋದು ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಅದೂ ಅಮಾವಾಸ್ಯೆಯ ಬೆಳಿಗ್ಗೆ, ಜನ ಕಷಾಯ ಕುಡಿದು ಲೋಟ ತೊಳೆದಿಟ್ಟ ಮೇಲೆ! ಹಾಗಾಗಿ ಈ ಸಲ ಬೇಗ ಬರೆಯುತ್ತಿದ್ದೇನೆ. ಅಮಾವಾಸ್ಯೆಗೆ ಮೊದಲೇ ಪ್ರಕಟಿಸಿದರೆ ದೊಡ್ಡ ಉಪಕಾರ.

ನಾನು ಪುತ್ತೂರು ಕಡೆಯವನು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 33 ವರ್ಷ ಫಾರ್ಮಾಸಿಸ್ಟ್ ಆಗಿದ್ದು ನಿವೃತ್ತನಾದೆ. ಊರಿನವರಿಗೆ ನಾನು ಈಗಲೂ ಕಂಪೌಂಡರೇ. ಮಾತ್ರೆ ಕೊಟ್ಟು ಬದುಕಿದವನು, ಹಳ್ಳಿಮದ್ದು ಅಂದರೆ ಆಗದವನು ಅಂತ ಯಾರೂ ತಿಳಿಯಬೇಡಿ. ಹಾಲೆ ಕಷಾಯ ಕುಡಿಯದ ಆಟಿ ಅಮಾವಾಸ್ಯೆ ನನ್ನ ನೆನಪಿನಲ್ಲಿ ಒಂದೂ ಇಲ್ಲ. ಈ ವರ್ಷವೂ ಕುಡಿಯುತ್ತೇನೆ.

ನಾನು ಹೇಳಬೇಕಾದದ್ದು ಅಮಾವಾಸ್ಯೆಯ ಹಿಂದಿನ ದಿನದ ಸಂಜೆಯ ಬಗ್ಗೆ.

ನಮ್ಮ ಅಪ್ಪ ಆ ಸಂಜೆ ಐದು ಗಂಟೆಗೆ ಗುಡ್ಡೆಗೆ ಹೊರಡುತ್ತಿದ್ದರು. ಮಳೆ ಎಷ್ಟೇ ಜಡಿಯುತ್ತಿರಲಿ, ಹೊರಡುವುದು ತಪ್ಪುತ್ತಿರಲಿಲ್ಲ. ತಲೆಗೆ ಮುಟ್ಟಾಳೆ, ಕೈಯಲ್ಲಿ ಒಂದು ಉಂಡೆ ಬಿಳಿ ನೂಲು. ನಾನು ಹಿಂದೆ ಗೊರಬೆ ಹೊದ್ದು ನಡೆಯುತ್ತಿದ್ದೆ. ತೋಟದ ಮೇಲಿನ ಗುಡ್ಡೆಯಲ್ಲಿ ಹಾಲೆ ಮರ. ಪ್ರತಿ ವರ್ಷ ಅದೇ ಮರ. ಆದರೂ ಅಪ್ಪ ಹೊಸ ಮರ ನೋಡುವವರ ಹಾಗೆ ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಆಮೇಲೆ ಕೊಕ್ಕೆಯಲ್ಲಿ ಒಂದು ಸಣ್ಣ ಗೆಲ್ಲು ಎಳೆದು ನನ್ನ ಕೈಗೆ ಕೊಡುತ್ತಿದ್ದರು. "ಎಣಿಸು ಮಗಾ."

ನಾನು ಎಣಿಸುತ್ತಿದ್ದೆ. ಗೆಲ್ಲಿನ ಒಂದು ಗಂಟಿನ ಸುತ್ತ ಕೊಡೆಯ ಕಡ್ಡಿಗಳ ಹಾಗೆ ಎಲೆಗಳು. ಏಳು. ಇನ್ನೊಂದು ಗಂಟಿನಲ್ಲಿ ಆರು. ಮತ್ತೊಂದರಲ್ಲಿ ಐದು. ಸಂಸ್ಕೃತದಲ್ಲಿ ಇದಕ್ಕೆ ಸಪ್ತಪರ್ಣ ಅನ್ನುವುದು ಈ ಎಣಿಕೆಯಿಂದಲೇ. ಎಣಿಸಿ ಆದ ಮೇಲೆ ಒಂದು ಎಲೆಯ ತೊಟ್ಟು ಮುರಿಯಬೇಕು. ಬಿಳಿ ಹಾಲು ಬೊಟ್ಟಾಗಿ ನಿಲ್ಲುತ್ತಿತ್ತು. ಅಪ್ಪ ಅದನ್ನು ನನ್ನ ಉಗುರಿಗೆ ಹಚ್ಚಿ ನಗುತ್ತಿದ್ದರು. ಇಷ್ಟಾದ ಮೇಲೆ ಕಾಂಡಕ್ಕೆ ಎದೆಯ ಎತ್ತರದಲ್ಲಿ ನೂಲು ಸುತ್ತಿ ಕಟ್ಟಿ, ಬುಡದಲ್ಲಿ ಒಂದು ಬಿಳಿ ಕಲ್ಲು ಇಟ್ಟು ಮನೆಗೆ ಬರುತ್ತಿದ್ದೆವು.

ಮರುದಿನ ಸೂರ್ಯ ಮೂಡುವ ಮೊದಲು ಅಪ್ಪ ಒಬ್ಬರೇ ಹೋಗುತ್ತಿದ್ದರು. ಟಾರ್ಚ್ ಇಲ್ಲ, ಮಾತಿಲ್ಲ. ಕಬ್ಬಿಣ ತಾಗಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ಕೆತ್ತೆ ಎಬ್ಬಿಸಬೇಕು. ಆ ಕತ್ತಲಲ್ಲಿ ಅವರ ಕೈ ಮೊದಲು ಹುಡುಕುತ್ತಿದ್ದದ್ದು ನೂಲನ್ನು. ನೂಲು ಸಿಕ್ಕಿದ ಮೇಲೆಯೇ ಕಲ್ಲು ಎತ್ತುತ್ತಿದ್ದರಂತೆ.

ಮನೆಯಲ್ಲಿ ಅಮ್ಮ ಕಾಯುತ್ತಿದ್ದರು. ಕೆತ್ತೆಯ ಹೊರಗಿನ ಒರಟು ಸಿಪ್ಪೆ ಹೆರೆದು ತೆಗೆದು, ಕಲ್ಲಿನಲ್ಲಿ ಜಜ್ಜಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ, ಅರಸಿನ ಸೇರಿಸಿ ಅರೆದು ಬಟ್ಟೆಯಲ್ಲಿ ಹಿಂಡುತ್ತಿದ್ದರು. ಒಲೆಯ ಕೆಂಡದಲ್ಲಿ ಬೊಳ್ಳುಕಲ್ಲು ಕಾಯುತ್ತಿರುತ್ತಿತ್ತು. ಅದನ್ನು ಇಕ್ಕುಳದಲ್ಲಿ ಹಿಡಿದು ರಸಕ್ಕೆ ಬಿಟ್ಟರೆ ಚುಂಯ್ ಅಂತ ಹೊಗೆ ಏಳುತ್ತಿತ್ತು. ಅಷ್ಟೇ ಬಿಸಿ. ಕಷಾಯ ಅನ್ನುತ್ತೇವೆ, ಆದರೆ ಇದು ಕುದಿಸಿದ್ದಲ್ಲ, ಹಸಿ ರಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದೊಡ್ಡವರಿಗೆ ಒಂದು ಸಣ್ಣ ಲೋಟ, ಮಕ್ಕಳಿಗೆ ಎರಡು ಚಮಚ. ಬಸುರಿಯರಿಗೆ ಇಲ್ಲ. ಕಹಿಗೆ ಬೆಲ್ಲದ ತುಂಡು, ಹೊಟ್ಟೆಯ ಉಷ್ಣಕ್ಕೆ ಮೆಂತೆ ಗಂಜಿ.

ಈಗ ಈ ಕಷಾಯ ಎಲ್ಲೆಲ್ಲಿಗೆ ಹೋಗಿದೆ ನೋಡಿ. ಮಂಗಳೂರಿನ ಮಾರುಕಟ್ಟೆಯಲ್ಲಿ ಹಿಂದಿನ ದಿನವೇ ಕೆತ್ತೆಯ ರಾಶಿ. ಸಂಘದವರು ಬೆಳಿಗ್ಗೆ ಸ್ಟೀಲ್ ಡ್ರಮ್ಮಿನಲ್ಲಿ ಮಾಡಿ ಎಲ್ಲರಿಗೂ ಹಂಚುತ್ತಾರೆ. 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಕಾರ್ಯಕ್ರಮ ಬೆಂಗಳೂರು, ಮುಂಬೈಯ ತುಳುವರಲ್ಲೂ ನಡೆಯುತ್ತದೆ. ಅಲ್ಲಿ ಪತ್ರೊಡೆ, ತಜಂಕಿನ ಪಲ್ಯ, ಕಣಿಲೆಯ ಜೊತೆ ಇದೂ ಇರುತ್ತದೆ. ಆಟಿ ಅಂದರೆ ನಮ್ಮ ಬಾಲ್ಯದಲ್ಲಿ ಹೊಟ್ಟೆಗೆ ಸರಿಯಾಗಿ ಇಲ್ಲದ ತಿಂಗಳು. ಅದನ್ನು ಇವತ್ತು ಮಕ್ಕಳು ಸಂಭ್ರಮದಿಂದ ಕೇಳುತ್ತಾರೆ ಅಂದರೆ ನನಗೆ ನಿಜವಾಗಿ ಖುಷಿ. 2020ರಲ್ಲಿ ಕೊರೊನಾ ಬಂದ ಮೇಲಂತೂ ಕಷಾಯ ಅನ್ನುವ ಮಾತಿಗೇ ಹೊಸ ಮರ್ಯಾದೆ ಬಂತು. ಶುಂಠಿ, ತುಳಸಿ, ಕಾಳುಮೆಣಸು ಎಲ್ಲರ ಒಲೆಯ ಮೇಲೆ. ಅಮೃತಬಳ್ಳಿ ಯಾವುದು ಅಂತ ಗೊತ್ತಿಲ್ಲದವರೂ ಬೇಲಿ ಬೇಲಿ ಹುಡುಕಿದರು.

ಹೋದ ವರ್ಷ ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿದ್ದೆ. ಅವಳ ಪಕ್ಕದ ಮನೆಯವರು ಪ್ರೀತಿಯಿಂದ ಒಂದು ಬಾಟಲಿ ಕೊಟ್ಟರು. ಊರಿಂದ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬಂದದ್ದು. ಕೂಲ್‌ಡ್ರಿಂಕ್ಸ್ ಬಾಟಲಿ, ಒಳಗೆ ಕಂದು ಬಣ್ಣದ ರಸ. ಮುಚ್ಚಳ ತೆಗೆದರೆ ಟುಸ್ ಅಂತ ಗಾಳಿ ಹೊರಟಿತು. ಹಸಿ ರಸ ರಾತ್ರಿಯಿಡೀ ಬಾಟಲಿಯಲ್ಲಿ ಕುಲುಕಿದರೆ ಇನ್ನೇನಾಗುತ್ತದೆ? ಕೆತ್ತೆ ಯಾರು ತಂದರು ಅಂತ ಕೇಳಿದೆ. ಯಾರೋ ಮಾರ್ಕೆಟಿನಿಂದ ತಂದಿದ್ದರಂತೆ. ಮಾರ್ಕೆಟಿಗೆ ಯಾರು ತಂದರು? ಅದು ಯಾರಿಗೂ ಗೊತ್ತಿಲ್ಲ. ಮಗಳಿಗೆ ಬೇಡ ಅಂದೆ. ಕೊಟ್ಟವರ ಮನಸ್ಸಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ನಾನು ಯಾಕೆ ಬೇಡ ಅಂದೆ ಅನ್ನುವುದಕ್ಕೆ ಒಂದು ಹಳೆಯ ಕಥೆ ಉಂಟು.

ನಾನು ಕೆಲಸಕ್ಕೆ ಸೇರಿ ಆರನೇ ವರ್ಷ. ಕ್ವಾರ್ಟರ್ಸಿನಲ್ಲಿ ಇದ್ದೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಏಳೂ ಆಗಿರಲಿಲ್ಲ. ಒಂದು ಜೀಪು ಬಂದು ನಿಂತಿತು. ಒಂದೇ ಮನೆಯ ಮೂವರು. ಮನೆಯ ಯಜಮಾನರಿಗೆ ಸುಮಾರು ಐವತ್ತು ವರ್ಷ. ಅವರನ್ನು ಬೆಂಚಿನ ಮೇಲೆ ಮಲಗಿಸಲು ಮುಟ್ಟಿದ್ದಷ್ಟೇ, ಇಡೀ ಮೈ ಬಿಲ್ಲಿನ ಹಾಗೆ ಬಾಗಿತು. ಹಿಮ್ಮಡಿ ಮತ್ತು ತಲೆ ಬೆಂಚಿಗೆ ತಾಗಿಕೊಂಡು ಬೆನ್ನು ಮೇಲೆದ್ದಿತು. ದವಡೆ ಕಚ್ಚಿಕೊಂಡಿತು. ಅರ್ಧ ನಿಮಿಷ ಇರಬಹುದು, ಬಿಟ್ಟಿತು. ಯಾರೋ ಬಾಗಿಲು ಹಾಕಿದ ಸದ್ದಿಗೆ ಮತ್ತೆ ಬಾಗಿದರು. ನನ್ನ ಕಣ್ಣಿಂದ ಇವತ್ತಿಗೂ ಹೋಗದೆ ಉಳಿದದ್ದು ಅವರ ಕಣ್ಣು. ಅಷ್ಟು ಸೆಳೆತದ ನಡುವೆಯೂ ಅವರಿಗೆ ಪೂರ್ತಿ ಎಚ್ಚರ. ನನ್ನನ್ನೇ ನೋಡುತ್ತಿದ್ದರು. ಸೆಳೆತ ಬಿಟ್ಟ ಕೂಡಲೇ "ಕಂಪೌಂಡರೇ, ಮಕ್ಕಳನ್ನು ಮೊದಲು ನೋಡಿ" ಅಂದರು.

ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಯಿತು. ಕಿಟಕಿ ಮುಚ್ಚಿಸಿದರು, ದೀಪ ಆರಿಸಿದರು, ಯಾರೂ ಮಾತಾಡಬಾರದು ಅಂದರು. ಸೆಳೆತ ತಗ್ಗಿಸುವ ಡಯಾಜೆಪಾಮ್ ಇಂಜೆಕ್ಷನ್ ಕೊಟ್ಟರು. ಇದ್ದ ಸ್ಟಾಕನ್ನೆಲ್ಲ ನಾನೇ ಒಡೆದು ಕೊಟ್ಟೆ. ಮಂಗಳೂರಿಗೆ ಕಳಿಸಬೇಕು, ಆದರೆ ದಾರಿಯ ಒಂದೊಂದು ಹೊಂಡಕ್ಕೂ ಮತ್ತೆ ಸೆಳೆತ ಬರಬಹುದು ಅನ್ನುವ ಹೆದರಿಕೆ. ಜೀಪಿನಲ್ಲಿ ಹಾಸಿಗೆ ಹಾಸಿ, ನಿಧಾನ ನಡೆಸಿಕೊಂಡು ಹೋದರು. ದೇವರ ದಯೆ, ಮೂವರೂ ಉಳಿದರು. ಮಕ್ಕಳು ಕುಡಿದದ್ದು ಒಂದೊಂದು ಚಮಚ ಮಾತ್ರ.

ಅವರ ಮನೆಯಿಂದ ಉಳಿದ ಕೆತ್ತೆಯನ್ನು ಒಂದು ಚೀಲದಲ್ಲಿ ತಂದಿದ್ದರು. ನಾನು ಡಿ.ಫಾರ್ಮಾ ಓದುವಾಗ ಕಾಸರಕ ಅನ್ನುವ ವಿಷದ ಮರದ ಬೀಜದ ಮೇಲೆ ನೈಟ್ರಿಕ್ ಆಸಿಡ್ ಹಾಕಿ ನೋಡುವ ಪಾಠ ಇತ್ತು. ಆಗೆಲ್ಲ ಮೂತ್ರದಲ್ಲಿ ಆಲ್ಬುಮಿನ್ ನೋಡಲು ನಮ್ಮ ಲ್ಯಾಬಿನಲ್ಲಿ ಆ ಆಸಿಡ್ ಇಟ್ಟಿರುತ್ತಿದ್ದರು. ಒಂದು ತುಂಡು ಕೆತ್ತೆಯ ಒಳಮೈ ಮೇಲೆ ಒಂದೇ ಹನಿ ಬಿಟ್ಟೆ. ಕಣ್ಣೆದುರೇ ರಕ್ತದ ಹಾಗೆ ಕೆಂಪಾಯಿತು. ಅದರಲ್ಲಿ ಬ್ರೂಸಿನ್ ಅನ್ನುವ ಕಾಸರಕದ ವಿಷ ಉಂಟು ಅಂತ ಅರ್ಥ. ಹಾಲೆ ಅಲ್ಲ, ಕಾಸರಕ. ತುಳುವಿನಲ್ಲಿ ನಾವು ಕಾಯೆರ್ ಅನ್ನುವ ಮರ. ಹಾಲೆ ಮರದ ಪಕ್ಕದಲ್ಲೇ, ಹತ್ತು ಹೆಜ್ಜೆ ದೂರದಲ್ಲಿ ಇತ್ತಂತೆ. ಹಿಂದಿನ ದಿನ ಜೋರು ಮಳೆ, ಮರ ನೋಡಲು ಹೋಗಿರಲಿಲ್ಲ. ಪ್ರತಿ ವರ್ಷ ಹೋಗುವ ಜಾಗವೇ ಅಲ್ವಾ ಅಂದುಕೊಂಡು ಕತ್ತಲಲ್ಲಿ ನೇರ ಹೋಗಿದ್ದರು. ಇಂಥ ಸುದ್ದಿ ಪತ್ರಿಕೆಗಳಲ್ಲೂ ಬಂದದ್ದುಂಟು. ಓದಿದಾಗಲೆಲ್ಲ ನನಗೆ ಆ ಬೆಂಚು ನೆನಪಾಗುತ್ತದೆ.

ಇದು ನಮ್ಮ ಊರಿನ ತಪ್ಪು ಮಾತ್ರ ಅಂತ ತಿಳಿಯಬೇಡಿ. 1800ರ ಆಸುಪಾಸಿನಲ್ಲಿ ಯುರೋಪಿನಲ್ಲೂ ಇದೇ ಆಯಿತು. ದಕ್ಷಿಣ ಅಮೆರಿಕದಿಂದ ಅಂಗೋಸ್ತುರಾ ಅನ್ನುವ ಒಂದು ಕಹಿ ತೊಗಟೆ ಅಲ್ಲಿಗೆ ಹೋಗುತ್ತಿತ್ತು, ಜ್ವರಕ್ಕೆ ಮದ್ದು ಅಂತ. ಅದಕ್ಕೆ ಬೇಡಿಕೆ ಏರಿದ ಹೊತ್ತಿಗೆ ಕಾಸರಕದ ತೊಗಟೆಯೂ ಅದರ ಜೊತೆ ಸೇರಿ ಮಾರಾಟವಾಯಿತು. ಕುಡಿದವರು ಸೆಳೆತ ಬಂದು ಸತ್ತರು. 'ಸುಳ್ಳು ಅಂಗೋಸ್ತುರಾ' ಅಂತಲೇ ಅದಕ್ಕೆ ಹೆಸರು ಬಿತ್ತು. 1819ರಲ್ಲಿ ಪೆಲ್ಲೆಟಿಯೇ, ಕಾವಾಂತು ಅನ್ನುವ ಇಬ್ಬರು ಫ್ರೆಂಚರು ಬ್ರೂಸಿನ್ ಅನ್ನು ಮೊದಲು ಬೇರ್ಪಡಿಸಿದ್ದು ಆ ಸುಳ್ಳು ತೊಗಟೆಯಿಂದಲೇ. ಮರುವರ್ಷ ಅದೇ ಇಬ್ಬರು ಸಿಂಕೋನಾ ತೊಗಟೆಯಿಂದ ಮಲೇರಿಯಾದ ಮದ್ದು ಕ್ವಿನೈನ್ ತೆಗೆದರು. ಒಂದು ತೊಗಟೆ ಜೀವ ತೆಗೆಯಿತು, ಒಂದು ಎಷ್ಟೋ ಲಕ್ಷ ಜನರ ಜೀವ ಉಳಿಸಿತು. ಎರಡೂ ಕಹಿ. ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮಲ್ಲೂ ಅಷ್ಟೇ. ಕಹಿ ಉಂಟು, ಹಾಗಾದರೆ ಹಾಲೆಯೇ ಅಂತ ಹೇಳುವವರು ಇದನ್ನು ತಿಳಿಯಬೇಕು. ಕಾಸರಕವೂ ಕಹಿಯೇ.

ನಮ್ಮ ಕರಾವಳಿಯವರಿಗೆ ಈ ಎರಡು ಮರಗಳೂ ಹೊಸತಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ 12 ಸಂಪುಟಗಳ 'ಹೊರ್ತುಸ್ ಮಲಬಾರಿಕುಸ್' ಅನ್ನುವ ಗ್ರಂಥ ಮಾಡಿಸಿದ. ಅದರ ಮೊದಲ ಸಂಪುಟ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಆ ಕೆಲಸಕ್ಕೆ ಮದ್ದು ತಿಳಿಸಿಕೊಟ್ಟವರು ಚೇರ್ತಲದ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್, ಮತ್ತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅನ್ನುವ ಮೂವರು ಕೊಂಕಣಿಗರು. ಆ ಮೊದಲ ಸಂಪುಟದಲ್ಲೇ 'ಪಾಲ' ಅಂತ ನಮ್ಮ ಹಾಲೆಯೂ ಉಂಟು, 'ಕಾಂಜಿರಂ' ಅಂತ ಕಾಸರಕವೂ ಉಂಟು. ಎರಡಕ್ಕೂ ನಡುವೆ ಕೆಲವೇ ಹಾಳೆಗಳ ಅಂತರ. ಎರಡಕ್ಕೂ ದೊಡ್ಡ ದೊಡ್ಡ ಚಿತ್ರ. ಸುಮಾರು 350 ವರ್ಷದ ಹಿಂದೆ ನಮ್ಮ ಕಡೆಯ ವೈದ್ಯರು ಕಡಲಾಚೆಯವರಿಗೆ ಮರ ತೋರಿಸಿ, ಮದ್ದು ಹೇಳಿದರು. ಹೆಸರು ಮಾತ್ರ ಹೇಳಿ ಬಿಡಲಿಲ್ಲ. ಅದಕ್ಕೂ ಮೊದಲು, 14ನೇ ಶತಮಾನದಲ್ಲೇ ಮಂಗರಾಜ 'ಖಗೇಂದ್ರಮಣಿದರ್ಪಣ' ಅಂತ ವಿಷಕ್ಕೆ ಮದ್ದು ಹೇಳುವ ಇಡೀ ಗ್ರಂಥವನ್ನೇ ಕನ್ನಡದಲ್ಲಿ ಬರೆದಿದ್ದ. ಮದ್ದು ಮತ್ತು ವಿಷ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ ಅನ್ನೋದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಹಾಲೆಯ ಕೆತ್ತೆಗೆ ಬ್ರಿಟಿಷರ ಕಾಲದಲ್ಲೂ ಬೆಲೆ ಇತ್ತು. ಮಲೇರಿಯಾಕ್ಕೆ ಕ್ವಿನೈನ್ ಬದಲಿಗೆ ಆಗುತ್ತದಾ ಅಂತ ಬಳಸಿ ನೋಡಿದರು. ಕ್ವಿನೈನಿನ ಜಾಗಕ್ಕೆ ಅದು ಬರಲಿಲ್ಲ. ಹಾಗಾಗಿ ಕಷಾಯ ಕುಡಿದಿದ್ದೇನೆ, ಇನ್ನು ಜ್ವರ ಬಂದರೆ ರಕ್ತ ಪರೀಕ್ಷೆ ಬೇಡ ಅಂತ ಯಾರೂ ಕೂರಬಾರದು. ನಮ್ಮ ಜಿಲ್ಲೆಯ ಮಳೆಗಾಲ ಎಂಥದ್ದು ಅಂತ ಗೊತ್ತಲ್ವಾ.

ಈಗ ಗುರುತಿನ ವಿಷಯ. ಹಾಲೆಯ ಎಲೆ ಒಂದು ಗಂಟಿನ ಸುತ್ತ ಗುಂಪಾಗಿ, ಕೊಡೆ ಬಿಡಿಸಿದ ಹಾಗೆ ಇರುತ್ತದೆ. ಕಾಸರಕದ ಎಲೆ ಹಾಗಲ್ಲ. ಎದುರು ಬದುರು ಎರಡೆರಡೇ. ಮಿರಿಮಿರಿ ಹೊಳೆಯುತ್ತದೆ. ಬುಡದಿಂದಲೇ ಮೂರರಿಂದ ಐದು ನರಗಳು ಎದ್ದು ಕಾಣುತ್ತವೆ. ಹಾಲೆಯ ತೊಟ್ಟು ಮುರಿದರೆ, ಕೆತ್ತೆ ಜಜ್ಜಿದರೆ ಬಿಳಿ ಹಾಲು. ಕಾಸರಕದಲ್ಲಿ ಹಾಲಿಲ್ಲ. ಹಾಲೆಯ ಕೋಡು ಅಲಸಂಡೆಯ ಹಾಗೆ ಉದ್ದ, ಸಪೂರ, ಜೋಡಿಜೋಡಿಯಾಗಿ ನೇತಾಡುತ್ತದೆ. ಕಾಸರಕದ ಕಾಯಿ ಉರುಟು, ಹಣ್ಣಾದರೆ ಕಿತ್ತಳೆ ಬಣ್ಣ, ಒಳಗೆ ಅಂಗಿಯ ಗುಂಡಿಯ ಹಾಗೆ ಚಪ್ಪಟೆ ಬೀಜ. ಹಾಲು ಬಂತು ಅಂತ ಸಮಾಧಾನ ಪಡುವುದೂ ಬೇಡ. ವಿಷದ ಕಣಗಿಲೆಯೂ ಹಾಲೆಯ ಕುಲದ್ದೇ, ಅದಕ್ಕೂ ಹಾಲಿನಂಥ ಸೊನೆ ಉಂಟು. ಎಲೆಯ ಎಣಿಕೆಯೂ ಕೂಡಬೇಕು, ಹಾಲೂ ಬರಬೇಕು. ಈ ಯಾವುದೂ ಬೆಳಿಗ್ಗೆ ನಾಲ್ಕೂವರೆಯ ಕತ್ತಲಲ್ಲಿ, ಮಳೆಯಲ್ಲಿ ಕಾಣುವುದಿಲ್ಲ. ಕಾಂಡ ಮಾತ್ರ ಕೈಗೆ ಸಿಗುತ್ತದೆ. ಮಳೆಗೆ ನೆಂದ ಕಾಂಡ ಎಲ್ಲ ಮರದ್ದೂ ಒಂದೇ ಹಾಗೆ.

ಕೊಡಗಿನವರ ಕಕ್ಕಡ ಪದಿನೆಟ್ಟ್, ಅಂದರೆ ಅವರ ಕಕ್ಕಡ ತಿಂಗಳ ಹದಿನೆಂಟನೇ ದಿನದ ಆಚರಣೆ, ಇದಕ್ಕಿಂತ ಸುರಕ್ಷಿತ ಅಂತ ನನಗೆ ಅನ್ನಿಸುತ್ತದೆ. ಆಗಸ್ಟ್ 3ರಂದು ಅವರು ಮದ್ದ್ ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಸೊಪ್ಪು ಬೆಂದರೆ ನೀರಿಗೆ ನೇರಳೆ ಬಣ್ಣ ಬಂದು ಪರಿಮಳ ಏಳುತ್ತದೆ. ಸೊಪ್ಪೇ ತನ್ನ ಗುರುತು ಹೇಳುತ್ತದೆ. ನಮ್ಮ ಹಾಲೆ ಲೋಟಕ್ಕೆ ಬಂದ ಮೇಲೆ ಏನೂ ಹೇಳುವುದಿಲ್ಲ.

ಅಮೃತಬಳ್ಳಿಯದ್ದೂ ಇದೇ ಕಥೆ. 2021ರಲ್ಲಿ ಮುಂಬೈಯ ವೈದ್ಯರು, ಅಮೃತಬಳ್ಳಿ ಸೇವಿಸಿದ 6 ಜನರಿಗೆ ಲಿವರಿಗೆ ಪೆಟ್ಟಾಯಿತು ಅಂತ ವರದಿ ಮಾಡಿದರು. ಅದು ಅಮೃತಬಳ್ಳಿಯೇ ಹೌದಾ, ಅದೇ ಜಾತಿಯ ಇನ್ನೊಂದು ಬಳ್ಳಿಯಾ ಅಂತ ಆಯುಷ್ ಸಚಿವಾಲಯದವರು ತಿರುಗಿ ಕೇಳಿದರು. ಆ ವಾದದಲ್ಲಿ ಯಾರು ಸರಿ ಅಂತ ನಾನು ಹೇಳಹೊರಟಿಲ್ಲ. ಕಾಯಿಲೆ ಬಂದ ಮೇಲೆ ಆ ಪ್ರಶ್ನೆ ಕೇಳಬೇಕಾಯಿತಲ್ಲ, ಅದು ನನ್ನ ಬೇಸರ. ಬಳ್ಳಿ ಕೊಯ್ಯುವ ಮೊದಲೇ ಕೇಳಬೇಕಿತ್ತು.

ಕಂಪನಿಯವರು ಆಯುರ್ವೇದದ ಮದ್ದು ಮಾಡಿ ಮಾರಬೇಕಾದರೆ ಲೈಸೆನ್ಸ್ ಬೇಕು. ಕಾಸರಕದಂಥ ವಿಷವಸ್ತು ಸೇರಿದ ಮದ್ದಿನ ಡಬ್ಬಿಯ ಮೇಲೆ ವೈದ್ಯರ ಸಲಹೆಯಂತೆ ಮಾತ್ರ ತೆಗೆದುಕೊಳ್ಳಿ ಅಂತ ಎಚ್ಚರಿಕೆ ಹಾಕಬೇಕು. ವರ್ಷಕ್ಕೊಮ್ಮೆ ಬುಟ್ಟಿಯಲ್ಲಿ ಕೆತ್ತೆ ತಂದು ಮಾರುವ ಅಜ್ಜಿಗೆ ಅಂಥ ಕಾನೂನು ಹಾಕಿ ಅಂತ ನಾನು ಖಂಡಿತ ಹೇಳುವುದಿಲ್ಲ. ಅವಳಿಗೆ ಆ ದಿನದ ವ್ಯಾಪಾರ ಬೇಕು. ನಾನು ಕೇಳುವುದು ಒಂದೇ ಒಂದು ಗೆಲ್ಲು. ಕೆತ್ತೆಯ ಕಟ್ಟಿನ ಜೊತೆ ಅದೇ ಮರದ ಎಲೆ ಇರುವ ಒಂದು ಸಣ್ಣ ಗೆಲ್ಲು ಇಟ್ಟು ಮಾರಲಿ. ಕೊಳ್ಳುವವರು ಎಲೆ ಎಣಿಸಿ ಕೊಳ್ಳಲಿ. ಎಲೆ ಇಲ್ಲದ ಕೆತ್ತೆ ಬೇಡ ಅಂತ ನಾಲ್ಕು ಜನ ಹೇಳಿದರೆ ಸಾಕು, ಮರುವರ್ಷ ಬುಟ್ಟಿಯಲ್ಲಿ ಗೆಲ್ಲು ಬರುತ್ತದೆ.

ಡ್ರಮ್ಮಿನಲ್ಲಿ ಮಾಡಿ ಹಂಚುವ ಸಂಘದವರಲ್ಲಿ ನನ್ನ ಪ್ರಾರ್ಥನೆ ಇನ್ನೂ ಸ್ವಲ್ಪ ಜಾಸ್ತಿ. ನೀವು ಮಾಡುವುದು ಒಳ್ಳೆಯ ಕೆಲಸ. ಆದರೆ ಒಂದು ಮನೆಯಲ್ಲಿ ತಪ್ಪಾದರೆ ಮೂವರು. ಡ್ರಮ್ಮಿನಲ್ಲಿ ತಪ್ಪಾದರೆ? ನಿಮ್ಮಲ್ಲಿ ಒಬ್ಬರು ಹಿಂದಿನ ದಿನ ಬೆಳಕಿನಲ್ಲಿ ಮರದ ಹತ್ತಿರ ಹೋಗಿರಲೇಬೇಕು. ಬಾಟಲಿ ತುಂಬಿ ದೂರದ ಊರಿಗೆ ಕಳಿಸುವುದು ದಯವಿಟ್ಟು ಬಿಡಿ. ಬಸುರಿಯರಿಗೆ, ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಕ್ಟರಲ್ಲಿ ಕೇಳಿ ಬನ್ನಿ ಅಂತ ಹೇಳಿ. ಕುಡಿದ ಮೇಲೆ ಯಾರಿಗಾದರೂ ಕುತ್ತಿಗೆ ಬಿಗಿಯಿತು, ಮೈ ಸೆಳೆಯಿತು ಅಂದರೆ ವಾಂತಿ ಮಾಡಿಸಲು ಹೋಗಬೇಡಿ, ಮಜ್ಜಿಗೆ ಕುಡಿಸಬೇಡಿ, ಸುತ್ತ ನಿಂತು ಗಲಾಟೆ ಮಾಡಬೇಡಿ. ತಕ್ಷಣ ಆಸ್ಪತ್ರೆಗೆ. ಕೆತ್ತೆಯ ತುಂಡನ್ನೂ ಜೊತೆಗೆ ಒಯ್ಯಿರಿ.

ಮರದ ಕಡೆಯಿಂದಲೂ ಒಂದು ಮಾತು. ಅಪ್ಪ ಕಲ್ಲಿನಿಂದ ಜಜ್ಜಿ ತರುತ್ತಿದ್ದದ್ದು ಎರಡು ಅಂಗೈ ಅಗಲದ ಕೆತ್ತೆ. ಕಲ್ಲಿಗೆ ಅಷ್ಟೇ ಬರುತ್ತದೆ. ಈಗ ಕತ್ತಿ ಹಾಕಿ ಸುತ್ತ ಸುಲಿಯುತ್ತಾರೆ, ಚೀಲ ತುಂಬಬೇಕಲ್ಲ. ಸುತ್ತ ಸುಲಿದ ಮರ ಬದುಕುವುದಿಲ್ಲ. ನಮ್ಮ ಊರಿನ ರಸ್ತೆ ಬದಿಯಲ್ಲಿ ಹಾಗೆ ಒಣಗಿ ನಿಂತ ಒಂದು ಹಾಲೆಯನ್ನು ನಾನು ದಿನಾ ನೋಡುತ್ತೇನೆ. ಕಬ್ಬಿಣ ತಾಗಿಸಬಾರದು ಅನ್ನುವ ಕಟ್ಟಳೆಗೆ ಹಿರಿಯರು ಏನು ಕಾರಣ ಕೊಟ್ಟಿದ್ದರೋ, ಮರ ಉಳಿದದ್ದು ಅದರಿಂದ. ಬೆಂಗಳೂರಿನ ರಸ್ತೆ ಬದಿಯಲ್ಲಿ ಇದೇ ಹಾಲೆಯನ್ನು ಸಾಲಾಗಿ ನೆಟ್ಟಿದ್ದಾರೆ, ಮಳೆಗಾಲ ಕಳೆದ ಮೇಲೆ ಹೂ ಬಿಟ್ಟು ಸಂಜೆ ಘಂ ಅನ್ನುತ್ತದೆ. ನಮ್ಮ ಪಂಚಾಯತಿನವರು, ಶಾಲೆಯವರು ಊರಿಗೆ ಎರಡಾದರೂ ನೆಡಬಹುದಲ್ಲ? ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ 'ಸ್ಕೊಲಾರಿಸ್' ಅಂತ ಉಂಟು. ಹಿಂದೆ ಮಕ್ಕಳು ಬರೆಯುವ ಹಲಗೆಯನ್ನು ಅದರ ಮರದಿಂದ ಮಾಡುತ್ತಿದ್ದರಂತೆ. ಶಾಲೆಯ ಅಂಗಳಕ್ಕೆ ಅದಕ್ಕಿಂತ ಒಳ್ಳೆಯ ಮರ ಬೇಕಾ?

ನಮ್ಮ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಹಿಂದೆ ಒಂದು ಒಳ್ಳೆಯ ಹಾಲೆ ಮರ ಉಂಟು. ಮುಖ್ಯ ಶಿಕ್ಷಕಿಯವರಲ್ಲಿ ಮಾತಾಡಿದ್ದೇನೆ. ಅಮಾವಾಸ್ಯೆಯ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಆರು, ಏಳನೇ ತರಗತಿಯ ಮಕ್ಕಳನ್ನು ಕಳಿಸುತ್ತೇನೆ ಅಂದಿದ್ದಾರೆ. ಕಾಸರಕದ ಒಂದು ಗೆಲ್ಲನ್ನೂ ಕೊಯ್ದು ತಂದಿಡುತ್ತೇನೆ, ಮಕ್ಕಳು ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿ. ಊರಿನವರೂ ಬರಬಹುದು. ಕೊಕ್ಕೆ ಮತ್ತು ಬಿಳಿ ನೂಲು ನಾನು ತರುತ್ತೇನೆ.

ಇತಿ ನಿಮ್ಮ ಓದುಗ,
ನಿವೃತ್ತ ಫಾರ್ಮಾಸಿಸ್ಟ್
ಪುತ್ತೂರು ತಾಲೂಕು, ದಕ್ಷಿಣ ಕನ್ನಡ